ಹಿಟ್ಟಿನ ಕೋಳಿಯ ಕೂಗು: ‘ಯಶೋಧರ ಚರಿತೆ’ ಮತ್ತು ಹುಸಿಮದ್ದಿನ ಧರ್ಮವಿಚಾರ

ತುಮಕೂರು ನಗರಕ್ಕೆ ಸೇರಿದ ಶೆಟ್ಟಿಹಳ್ಳಿಯಲ್ಲಿ, ನಾಡಿನ ಇತರ ಪೇಟೆಬೀದಿಗಳಲ್ಲಿರುವಂತೆಯೇ, ಆಯುಧಪೂಜೆಯ ದಿನ ಅಂಗಡಿಗಳ ಮುಂದೆ ಬೂದುಗುಂಬಳಕಾಯಿ ಒಡೆಯುವ ರೂಢಿಯಿದೆ. ಕಾಯಿಯ ತಲೆಯನ್ನು ಕೊರೆದು, ಒಳಗೆ ಕುಂಕುಮ ತುಂಬಿ, ಅಂಗಡಿಗೂ ತಕ್ಕಡಿಗೂ ವಾಹನಕ್ಕೂ ನಿವಾಳಿಸಿ ನೆಲಕ್ಕೆ ಅಪ್ಪಳಿಸಿದಾಗ ಕೆಂಪು ನೀರು ಹರಿಯುತ್ತದೆ. ಒಂದು ಕಾಲಕ್ಕೆ ಪ್ರಾಣಿಯ ರಕ್ತ ಹರಿಯುತ್ತಿದ್ದೆಡೆಯಲ್ಲಿ ಇಂದು ಕುಂಕುಮದ ನೀರು ಹರಿಯುತ್ತಿದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶ್ರಾವಕರ ಅಂಗಡಿಗಳಲ್ಲಿಯೂ ಈ ರೂಢಿ ನುಸುಳಿರುವುದುಂಟು. ಕೇಳಿದರೆ, ‘ಕಾಯಿ ತಾನೆ, ಪ್ರಾಣಿಯಲ್ಲವಲ್ಲ, ಮನಸ್ಸಿಗೊಂದು ಸಮಾಧಾನ’ ಎಂಬ ಉತ್ತರ ದೊರೆಯುತ್ತದೆ. ಈ ಉತ್ತರ ಇಂದಿನದಲ್ಲ. ಎಂಟು ನೂರು ವರ್ಷಗಳ ಹಿಂದೆಯೇ ಜನ್ನಕವಿ ಇದನ್ನು ಒಬ್ಬ ಅರಸನ ಮನಸ್ಸಿನಲ್ಲಿಟ್ಟು, ಅದರ ಪರಿಣಾಮವನ್ನು ಕೊನೆಯವರೆಗೂ ಪರೀಕ್ಷಿಸಿ ನೋಡಿದ್ದಾನೆ.

ಇದೇ ಉತ್ತರವನ್ನು ಇಂದಿನ ವೈದ್ಯವಿಜ್ಞಾನವೂ ಬೇರೊಂದು ದಾರಿಯಿಂದ ಎದುರಿಸುತ್ತಿದೆ. ಔಷಧದ ಸತ್ವವಿಲ್ಲದ ಸಕ್ಕರೆಯ ಗುಳಿಗೆಯನ್ನು ಔಷಧವೆಂದು ಕೊಟ್ಟಾಗ ರೋಗಿಗೆ ಹಾಯೆನಿಸುವುದುಂಟು. ಇದಕ್ಕೆ ಪ್ಲಾಸಿಬೊ ಎಂದು ಹೆಸರು. ಕನ್ನಡದಲ್ಲಿ ಹುಸಿಮದ್ದು ಎನ್ನಬಹುದು. ಲ್ಯಾಟಿನ್ ಭಾಷೆಯ ಈ ಪದಕ್ಕೆ ‘ಮೆಚ್ಚಿಸುವೆನು’ ಎಂದು ಅರ್ಥ. ಗುಣವಾಗುವುದಾದರೆ ಸುಳ್ಳಿನಲ್ಲಿ ದೋಷವೇನು? ಹಿಟ್ಟಿನದಾದರೆ ಬಲಿಯಲ್ಲಿ ದೋಷವೇನು? ಈ ಎರಡು ಪ್ರಶ್ನೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ‘ಯಶೋಧರ ಚರಿತೆ’ಯು ನಮ್ಮ ಕಾಲದ ಶ್ರಾವಕರಿಗೂ ಬಸದಿಗಳ ಧರ್ಮದರ್ಶಿಗಳಿಗೂ ಹೊಸದಾಗಿ ಏನನ್ನೋ ಹೇಳುತ್ತಿರುವುದು ತಿಳಿಯುತ್ತದೆ.

ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದು ಕವಿಚಕ್ರವರ್ತಿಯೆಂಬ ಬಿರುದು ಪಡೆದ ಜನ್ನನು 1209ರಲ್ಲಿ ಈ ಕಾವ್ಯವನ್ನು ಮುಗಿಸಿದನು. ನಾಲ್ಕು ಅವತಾರಗಳ, ಮುನ್ನೂರಕ್ಕೆ ತುಸು ಮಿಕ್ಕ ಪದ್ಯಗಳ ಕಿರುಗಾವ್ಯವಿದು. ವಾದಿರಾಜಸೂರಿಯ ಸಂಸ್ಕೃತ ಕೃತಿಯ ಜಾಡಿನಲ್ಲಿ ಇದು ಸಾಗುತ್ತದೆ. ಅದಕ್ಕೂ ಹಿಂದೆ 959ರಲ್ಲಿ ಸೋಮದೇವಸೂರಿ ಇದೇ ಕಥೆಯನ್ನು ‘ಯಶಸ್ತಿಲಕ’ದಲ್ಲಿ ವಿಸ್ತರಿಸಿದ್ದನು. ಕಥೆ ಜೈನ ಮನೆಗಳಿಗೆ ಹೊಸದಲ್ಲವಾದರೂ ವಿಚಾರಕ್ಕೆ ಬೇಕಾದಷ್ಟನ್ನು ನೆನೆಯಬಹುದು. ರಾಜಪುರದ ಅರಸ ಮಾರಿದತ್ತನು ಚಂಡಮಾರಿಗೆ ನರಬಲಿ ಕೊಡಲು ಅಣಿಯಾಗಿರುವಾಗ ಅಭಯರುಚಿ, ಅಭಯಮತಿ ಎಂಬ ಎಳೆಯ ಪ್ರಾಯದ ಅಣ್ಣತಂಗಿಯರನ್ನು ಹಿಡಿದು ತರುತ್ತಾರೆ. ಕತ್ತಿಯ ಕೆಳಗೂ ಅಳುಕದ ಅವರನ್ನು ಕಂಡು ಅರಸನು ವೃತ್ತಾಂತವನ್ನು ಕೇಳುತ್ತಾನೆ. ಅವರು ಹೇಳುವುದು ತಮ್ಮ ಹಿಂದಿನ ಜನ್ಮಗಳ ಕಥೆ. ಒಂದು ಜನ್ಮದಲ್ಲಿ ಅಭಯರುಚಿ ಉಜ್ಜಯಿನಿಯ ಅರಸ ಯಶೋಧರ. ಅಭಯಮತಿ ಅವನ ತಾಯಿ ಚಂದ್ರಮತಿ.

ಯಶೋಧರನು ತನ್ನ ರಾಣಿ ಅಮೃತಮತಿ ಕುರೂಪಿಯಾದ ಮಾವುತನೊಬ್ಬನಿಗೆ ಒಲಿದಿರುವುದನ್ನು ರಾತ್ರಿ ಕಣ್ಣಾರೆ ಕಾಣುತ್ತಾನೆ. ಎತ್ತಿದ ಕತ್ತಿಯನ್ನು ಇಳಿಸಿ ಹಿಂತಿರುಗುತ್ತಾನೆ. ಬೆಳಗಾದ ಮೇಲೆ ಮಗನ ಕಳೆಗುಂದಿದ ಮುಖವನ್ನು ಕಂಡು ತಾಯಿ ಕಾರಣ ಕೇಳಿದಾಗ, ಕಂಡದ್ದನ್ನು ಮರೆಮಾಚಿ, ಕೆಟ್ಟ ಕನಸು ಬಿತ್ತೆಂದು ಹೇಳುತ್ತಾನೆ. ತಾಯಿ ಅದನ್ನು ನಿಜವೆಂದೇ ನಂಬಿ, ದುಃಸ್ವಪ್ನಶಾಂತಿಗಾಗಿ ದೇವಿಗೆ ಪ್ರಾಣಿಬಲಿಯಾಗಬೇಕೆನ್ನುತ್ತಾಳೆ. ಮಗ ಒಪ್ಪುವುದಿಲ್ಲ, ತಾಯಿ ಬಿಡುವುದಿಲ್ಲ. ಕೊನೆಗೆ ಇಬ್ಬರಿಗೂ ಒಪ್ಪಿಗೆಯಾಗುವ ನಡುದಾರಿಯಾಗಿ ಹಿಟ್ಟಿನ ಕೋಳಿ ಸಿದ್ಧವಾಗುತ್ತದೆ. ಬಣ್ಣ ಬಳಿದ ಆ ಕೋಳಿ ಜೀವಂತವಾದುದೆಂಬಷ್ಟು ಚೆನ್ನಾಗಿ ಮೂಡುತ್ತದೆ. ಅದರೊಳಗೆ ಬೆಂತರವೊಂದು ಹೊಗುತ್ತದೆ. ಯಶೋಧರನ ಕತ್ತಿ ತಗುಲಿದೊಡನೆ ಹಿಟ್ಟಿನ ಕೋಳಿ ಕೂಗುತ್ತದೆ. ಬಳಿಕ ರಾಣಿಯ ವಿಷಕ್ಕೆ ತಾಯಿಮಗ ಇಬ್ಬರೂ ಬಲಿಯಾಗಿ, ನವಿಲು ನಾಯಿಗಳಿಂದ ಮೊದಲುಗೊಂಡು ಕೋಳಿಗಳವರೆಗೆ ತಿರ್ಯಗ್ಗತಿಯಲ್ಲಿ ತೊಳಲಿ, ಕಡೆಗೆ ಮನುಷ್ಯಜನ್ಮಕ್ಕೆ ಬರುತ್ತಾರೆ.

ವಿಮರ್ಶಕರು ಈ ಕಾವ್ಯವನ್ನು ಬಹುಮಟ್ಟಿಗೆ ಎರಡು ರೀತಿಯಲ್ಲಿ ಓದಿಕೊಂಡು ಬಂದಿದ್ದಾರೆ. ಧರ್ಮದ ದೃಷ್ಟಿಯವರಿಗೆ ಇದು ಸಂಕಲ್ಪಹಿಂಸೆಯ ಕಥೆ; ಕಾವ್ಯದ ದೃಷ್ಟಿಯವರಿಗೆ ಅಮೃತಮತಿಯ ಒಲವಿನ ಕಥೆ. ಎರಡೂ ಸರಿಯಾದ ಓದುಗಳೇ. ಆದರೆ ಬಲಿ ಏರ್ಪಟ್ಟದ್ದು ಏತಕ್ಕೆ ಎಂಬುದನ್ನು ಎರಡೂ ಓದುಗಳು ಬೇಗನೆ ದಾಟಿಬಿಡುತ್ತವೆ. ಬಲಿ ಏರ್ಪಟ್ಟದ್ದು ಚಿಕಿತ್ಸೆಗಾಗಿ. ಬಳಲುವವನೊಬ್ಬನಿದ್ದಾನೆ, ಅವನ ಹಿತವನ್ನು ಬಯಸುವ ತಾಯಿಯಿದ್ದಾಳೆ, ರೋಗವಿಚಾರಣೆಯಿದೆ, ಮದ್ದಿನ ಸೂಚನೆಯಿದೆ, ನಿಜವಾದ ಮದ್ದು ಬೇಡವೆಂದಾಗ ಅದರ ರೂಪವನ್ನಷ್ಟೇ ಹೊತ್ತ ಬದಲಿಯೂ ಇದೆ. ಹೀಗೆ ನೋಡಿದರೆ ಕಾವ್ಯದ ನಡುಭಾಗವು ಒಂದು ಹುಸಿಚಿಕಿತ್ಸೆಯ ಪೂರ್ಣ ವೃತ್ತಾಂತವಾಗಿದೆ.

ಈ ವೃತ್ತಾಂತದಲ್ಲಿ ಮೊದಲ ಸುಳ್ಳು ಕೋಳಿಯದಲ್ಲ, ಕನಸಿನದು. ಯಶೋಧರನು ತಾಯಿಗೆ ನೋವಾಗಬಾರದೆಂದೂ ಮನೆತನದ ಮಾನ ಹೋಗಬಾರದೆಂದೂ ಕಂಡದ್ದನ್ನು ಕನಸಾಗಿಸಿದನು. ಉದ್ದೇಶ ಕೆಟ್ಟದ್ದೇನಲ್ಲ. ಆದರೆ ಆ ಒಂದು ಮಾತಿನಿಂದ ಚಿಕಿತ್ಸೆ ಇಲ್ಲದ ರೋಗದ ಕಡೆಗೆ ಹರಿಯಿತು; ಇದ್ದ ಗಾಯ ಹಾಗೆಯೇ ಉಳಿಯಿತು. ಚಂದ್ರಮತಿ ಕೆಟ್ಟ ವೈದ್ಯೆಯಲ್ಲ. ಅವಳಿಗೆ ಸಿಕ್ಕಿದ ವರದಿ ಸುಳ್ಳಾಗಿತ್ತು. ರೋಗಿ ವೈದ್ಯನಿಗೆ ಸುಳ್ಳು ಹೇಳುವುದೂ ವೈದ್ಯ ರೋಗಿಗೆ ಸುಳ್ಳು ಹೇಳುವುದೂ ಒಂದೇ ಹಗ್ಗದ ಎರಡು ತುದಿಗಳೆಂಬುದನ್ನು ಜನ್ನನು ವ್ಯಾಖ್ಯಾನವಿಲ್ಲದೆ, ಬರಿಯ ಘಟನೆಗಳ ಜೋಡಣೆಯಿಂದಲೇ ತೋರಿಸುತ್ತಾನೆ.

ಇನ್ನು ಹಿಟ್ಟಿನ ಕೋಳಿಯ ಕೂಗು. ಬೆಂತರದ ಪ್ರವೇಶವನ್ನು ಪುರಾಣದ ಅಲಂಕಾರವೆಂದು ಕಡೆಗಣಿಸುವವರಿದ್ದಾರೆ. ಹಾಗೆ ಮಾಡಿದರೆ ಕಾವ್ಯದ ಹೃದಯವೇ ಕೈತಪ್ಪುತ್ತದೆ. ‘ಹಿಟ್ಟಿನದರಲ್ಲಿ ಏನಿದೆ’ ಎಂಬ ಅರಸನ ಭರವಸೆ ಆ ಕೂಗಿನಿಂದ ಒಡೆಯುತ್ತದೆ. ಸತ್ವವಿಲ್ಲದ ವಸ್ತುವಿಗೆ ಅದನ್ನು ಸುತ್ತುವರಿದ ಭಾವ, ವಿಧಿ, ನಿರೀಕ್ಷೆಗಳಿಂದ ಶಕ್ತಿ ಬರುತ್ತದೆ. ಆ ಶಕ್ತಿ ಮಾಡಿದವನ ಹಿಡಿತದಲ್ಲಿರುವುದಿಲ್ಲ. ಹುಸಿಯಾದುದು ನಿಷ್ಫಲವಲ್ಲ ಎಂಬ ಈ ತಿಳಿವನ್ನು ವಿಜ್ಞಾನ ಪ್ರಯೋಗಗಳ ಮೂಲಕ ಪಡೆದದ್ದು ಬಹಳ ಈಚೆಗೆ.

1784ರಲ್ಲಿ ಪ್ಯಾರಿಸ್ಸಿನಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮೊದಲಾದವರಿದ್ದ ಮಂಡಳಿಯೊಂದು ಮೆಸ್ಮರನ ‘ಪ್ರಾಣಿಕಾಂತಶಕ್ತಿ’ಯ ಚಿಕಿತ್ಸೆಯನ್ನು ಪರೀಕ್ಷಿಸಿತು. ಕಣ್ಣು ಕಟ್ಟಿದವರಿಗೆ ಕಾಂತಶಕ್ತಿ ಹಾಯುತ್ತಿದೆಯೆಂದು ನಂಬಿಸಿದರೆ ಸಾಕು, ಪರಿಣಾಮ ಕಾಣುತ್ತಿತ್ತು, ನಂಬಿಸದಿದ್ದರೆ ಕಾಣುತ್ತಿರಲಿಲ್ಲ. 1955ರಲ್ಲಿ ಹೆನ್ರಿ ಬೀಚರ್ ಎಂಬ ಅಮೆರಿಕದ ವೈದ್ಯರು ಹದಿನೈದು ಪ್ರಯೋಗಗಳನ್ನು ಒಟ್ಟುಗೂಡಿಸಿ, ಸರಾಸರಿ ಶೇಕಡಾ 35ರಷ್ಟು ರೋಗಿಗಳು ಹುಸಿಮದ್ದಿನಿಂದ ಸಮಾಧಾನ ಹೊಂದುತ್ತಾರೆಂದು ಬರೆದರು. ಆ ಲೆಕ್ಕದಲ್ಲಿ ತಾನಾಗಿ ವಾಸಿಯಾಗುವ ಕಾಯಿಲೆಗಳೂ ಸೇರಿಹೋಗಿದ್ದವೆಂದು ಮುಂದಿನ ವಿದ್ವಾಂಸರು ಆಕ್ಷೇಪಿಸಿದರು. ಆಕ್ಷೇಪ ನ್ಯಾಯವಾದುದೇ. ನೆಗಡಿ ಮದ್ದಿದ್ದರೂ ಇಳಿಯುತ್ತದೆ, ಇಲ್ಲದಿದ್ದರೂ ಇಳಿಯುತ್ತದೆ. ನಡುವೆ ಕಟ್ಟಿಸಿಕೊಂಡ ತಾಯಿತಕ್ಕೆ ಕೀರ್ತಿ ಸಲ್ಲುತ್ತದೆ. ಆದರೆ ಎಲ್ಲವೂ ಭ್ರಮೆಯೆಂದು ತಳ್ಳಿಹಾಕಲೂ ಬರುವುದಿಲ್ಲ. 1978ರಲ್ಲಿ ಹಲ್ಲು ಕೀಳಿಸಿಕೊಂಡವರ ಮೇಲೆ ನಡೆದ ಪ್ರಯೋಗದಲ್ಲಿ, ಅಫೀಮಿನ ಬಗೆಯ ಮದ್ದುಗಳ ಕೆಲಸವನ್ನು ತಡೆಯುವ ನಲಾಕ್ಸೋನ್ ಎಂಬ ಔಷಧವು ಹುಸಿಮದ್ದಿನ ನೋವುಶಮನವನ್ನೂ ತಡೆಯಿತು. ಎಂದರೆ ನಂಬಿಕೆಯಿಂದ ದೇಹವೇ ತನ್ನೊಳಗೆ ನೋವಿನ ಮದ್ದನ್ನು ಒಸರಿಸುತ್ತದೆ. 2002ರಲ್ಲಿ ಪ್ರಕಟವಾದ ಅಮೆರಿಕದ ಇನ್ನೊಂದು ಪ್ರಯೋಗದಲ್ಲಿ ಮಂಡಿಸವೆತದ 180 ಜನರ ಪೈಕಿ ಕೆಲವರಿಗೆ ನಿಜವಾದ ಶಸ್ತ್ರಚಿಕಿತ್ಸೆ, ಕೆಲವರಿಗೆ ಚರ್ಮ ಕೊಯ್ದು ಹೊಲಿದ ಹುಸಿಚಿಕಿತ್ಸೆ ನಡೆಯಿತು. ಎರಡು ವರ್ಷಗಳ ಕಾಲ ಗಮನಿಸಿದರೂ ನಿಜವಾದುದು ಹುಸಿಗಿಂತ ಮೇಲೆನಿಸಲಿಲ್ಲ.

ಹುಸಿಮದ್ದಿಗೆ ಇಷ್ಟು ಶಕ್ತಿಯಿದೆ. ಅದರ ಎಲ್ಲೆ ಎಲ್ಲಿ ಎಂಬುದು ಇನ್ನೂ ಮುಖ್ಯವಾದ ಪ್ರಶ್ನೆ. 2001ರಲ್ಲಿ ಡೆನ್ಮಾರ್ಕಿನ ಇಬ್ಬರು ಸಂಶೋಧಕರು ನೂರಕ್ಕೂ ಮಿಕ್ಕ ಪ್ರಯೋಗಗಳನ್ನು ಜಾಲಿಸಿ, ನೋವಿನಂತಹ ರೋಗಿಯೇ ಹೇಳಬೇಕಾದ ಬಾಧೆಗಳಲ್ಲಿ ಅಲ್ಪ ಪ್ರಯೋಜನವನ್ನು ಕಂಡರೇ ಹೊರತು, ಉಳಿದೆಡೆ ಗಣನೀಯವಾದುದನ್ನು ಕಾಣಲಿಲ್ಲ. 2011ರಲ್ಲಿ ಪ್ರಕಟವಾದ ಉಬ್ಬಸದ ಅಧ್ಯಯನ ಇದನ್ನು ಕನ್ನಡಿಯಂತೆ ತೋರಿಸಿತು. ನಿಜವಾದ ಔಷಧವನ್ನು ಸೇದಿದವರ ಶ್ವಾಸಬಲ ಶೇಕಡಾ 20ರಷ್ಟು ಹೆಚ್ಚಿತು. ಹುಸಿಮದ್ದು ಸೇದಿದವರದೂ ಏನನ್ನೂ ತೆಗೆದುಕೊಳ್ಳದವರದೂ ಸುಮಾರು ಶೇಕಡಾ 7ರಷ್ಟೇ. ಆದರೆ ‘ಎಷ್ಟು ಹಾಯೆನಿಸಿತು’ ಎಂದು ಕೇಳಿದಾಗ ನಿಜಮದ್ದಿನವರು ಶೇಕಡಾ 50, ಹುಸಿಮದ್ದಿನವರು ಶೇಕಡಾ 45 ಎಂದರು. ಅಂದರೆ ಹುಸಿಮದ್ದು ಉಸಿರಾಟದ ಸಂಕಟವನ್ನು ಮರೆಸಿತು. ಉಸಿರಿನ ದಾರಿಯನ್ನು ತೆರೆಯಲಿಲ್ಲ. ದಾರಿ ಮುಚ್ಚಿಕೊಂಡಿದ್ದರೂ ಸುಖವೆನಿಸುವ ರೋಗಿಗಿಂತ ಅಪಾಯದಲ್ಲಿರುವವರು ಬೇರೆ ಯಾರು?

ಮೃಗಶಿರಾ ಮಳೆ ಹುಟ್ಟುವ ದಿನ ಹೈದರಾಬಾದಿನಲ್ಲಿ ಉಬ್ಬಸಕ್ಕೆಂದು ಜೀವಂತ ಮೀನಿನ ಮರಿಯ ಬಾಯಲ್ಲಿ ಹಳದಿ ಲೇಹ್ಯವಿಟ್ಟು ನುಂಗಿಸುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಹಣ ತೆಗೆದುಕೊಳ್ಳದೆ ಹಂಚುವುದು ಅದರ ಹಿರಿಮೆ. ಮೊದಲು ಮದ್ದೆಂದು ಕರೆಸಿಕೊಂಡದ್ದು ಅನಂತರ ಪ್ರಸಾದವೆನಿಸಿತು. ಸಸ್ಯಾಹಾರಿಗಳಿಗೆ ಮೀನಿನ ಬದಲು ಬೆಲ್ಲದಲ್ಲಿ ಕೊಡುವ ಏರ್ಪಾಡೂ ಅಲ್ಲಿದೆ. ಇಲ್ಲಿ ಶ್ರಾವಕನು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಬೆಲ್ಲದಲ್ಲಿ ತೆಗೆದುಕೊಂಡಮಾತ್ರಕ್ಕೆ ಹಿಂಸೆಯ ಕೂಟದಿಂದ ತಾನು ಹೊರಗಾದೆನೇ? ಹಾಯೆನಿಸಿತೆಂದು ಆಸ್ಪತ್ರೆಯ ಮದ್ದನ್ನು ಬಿಟ್ಟರೆ ತನ್ನ ದೇಹಕ್ಕೇ ಹಿಂಸೆಯಾಗುವುದಿಲ್ಲವೇ? ಮೊದಲನೆಯ ಪ್ರಶ್ನೆ ಯಶೋಧರನದೇ. ಎರಡನೆಯದನ್ನು ನಮ್ಮ ಕಾಲದ ವಿಜ್ಞಾನ ಎತ್ತಿಕೊಟ್ಟಿದೆ.

ಹೋಲಿಕೆಯನ್ನು ಇಷ್ಟು ದೂರ ತಂದ ಮೇಲೆ ಅದು ಎಲ್ಲಿ ಮುರಿಯುತ್ತದೆಂಬುದನ್ನೂ ಒಪ್ಪಿಕೊಳ್ಳುವುದು ಪ್ರಾಮಾಣಿಕತೆ. ಹಿಟ್ಟಿನ ಕೋಳಿ ಹಿಟ್ಟಿನದೆಂದು ಯಶೋಧರನಿಗೂ ಗೊತ್ತು, ಚಂದ್ರಮತಿಗೂ ಗೊತ್ತು. ಕೋಳಿಯ ವಿಷಯದಲ್ಲಿ ಅವರು ಒಬ್ಬರನ್ನೊಬ್ಬರು ವಂಚಿಸಲಿಲ್ಲ. ಅಲ್ಲಿ ಕೈ ಶುದ್ಧವಾಗಿತ್ತು, ಸಂಕಲ್ಪ ಕೆಟ್ಟಿತ್ತು. ಕೊಲ್ಲುವ ಇಚ್ಛೆಯನ್ನು ಹಾಗೆಯೇ ಉಳಿಸಿಕೊಂಡು ಕೊಲ್ಲುವ ವಸ್ತುವನ್ನು ಮಾತ್ರ ಬದಲಾಯಿಸಿದ್ದರು. ಹುಸಿಮದ್ದು ಕೊಡುವ ಸಜ್ಜನ ವೈದ್ಯನ ವಿಷಯದಲ್ಲಿ ಇದು ತಿರುವುಮುರುವಾಗುತ್ತದೆ. ಅವನ ಸಂಕಲ್ಪ ಕರುಣೆಯದು; ಕೆಟ್ಟಿರುವುದು ಮಾತು. ಒಂದೆಡೆ ಅಹಿಂಸೆ ತೋರಿಕೆಗೆ ಉಳಿದು ಒಳಗೆ ಸತ್ತಿದೆ. ಇನ್ನೊಂದೆಡೆ ಅಹಿಂಸೆ ಒಳಗೆ ಬದುಕಿದ್ದು ಸತ್ಯ ಸತ್ತಿದೆ. ಹಾಗಾದರೆ ವೈದ್ಯನ ಸುಳ್ಳನ್ನು ಕ್ಷಮಿಸಬಹುದಲ್ಲವೇ?

ಕ್ಷಮಿಸಬಹುದೆನ್ನುವವರು ಸ್ವಾಮಿ ಸಮಂತಭದ್ರರನ್ನೇ ಸಾಕ್ಷಿಗೆ ಕರೆಯುತ್ತಾರೆ. ‘ರತ್ನಕರಂಡ ಶ್ರಾವಕಾಚಾರ’ದಲ್ಲಿ ಸತ್ಯಾಣುವ್ರತವನ್ನು ವಿವರಿಸುವಾಗ ಆಚಾರ್ಯರು, ಸ್ಥೂಲವಾದ ಸುಳ್ಳನ್ನು ಆಡಬಾರದು, ಪರರಿಗೆ ವಿಪತ್ತನ್ನು ತರುವ ಸತ್ಯವನ್ನೂ ಆಡಬಾರದು ಎಂಬ ಅಭಿಪ್ರಾಯವನ್ನು ಕೊಟ್ಟಿದ್ದಾರೆ. ನಿದ್ರೆ ಬಾರದೆ ನರಳುವ ಅಜ್ಜಿಗೆ ಮನೆಯವರು ಶಕ್ತಿಯ ಗುಳಿಗೆಯನ್ನೇ ನಿದ್ರೆಯ ಗುಳಿಗೆಯೆಂದು ಕೊಟ್ಟು ಮಲಗಿಸುತ್ತಾರೆ. ನಿಜ ಹೇಳಿದರೆ ಅಜ್ಜಿಯ ನಿದ್ರೆ ಕೆಡುತ್ತದೆ. ಆದ್ದರಿಂದ ಹೇಳದಿರುವುದೇ ವ್ರತವಲ್ಲವೇ ಎಂಬುದು ಅವರ ವಾದ. ಇಂಥ ಅಜ್ಜಿಯರೂ ಇಂಥ ಮಕ್ಕಳೂ ಇಲ್ಲದ ಊರಿಲ್ಲ. ಆದುದರಿಂದ ಈ ವಾದವನ್ನು ಹಗುರವಾಗಿ ತಳ್ಳಬಾರದು.

ಆದರೆ ಆಚಾರ್ಯರ ನಿಯಮದಲ್ಲಿ ಎರಡು ನಿಷೇಧಗಳಿವೆ. ಒಂದು ಇನ್ನೊಂದಕ್ಕೆ ರಜೆ ಕೊಡುವುದಿಲ್ಲ. ನೋಯಿಸುವ ಸತ್ಯವನ್ನು ಹೇಳಬೇಡವೆಂದರೆ ಸುಮ್ಮನಿರು ಎಂದು ಅರ್ಥವಾಗುತ್ತದೆಯೇ ಹೊರತು ಸುಳ್ಳಾಡು ಎಂದಲ್ಲ. ಮೌನಕ್ಕೂ ಅಸತ್ಯಕ್ಕೂ ನಡುವಿನ ಈ ಸಣ್ಣ ಜಾಗದಲ್ಲಿಯೇ ಗೃಹಸ್ಥನ ಧರ್ಮ ನಿಂತಿದೆ. ‘ಇದನ್ನು ತೆಗೆದುಕೊಂಡರೆ ಅನೇಕರಿಗೆ ಹಾಯೆನಿಸುತ್ತದೆ, ಇದರಿಂದ ಕೇಡಿಲ್ಲ’ ಎನ್ನುವುದಕ್ಕೂ ‘ಇದು ನಿದ್ರೆಯ ಮದ್ದು’ ಎನ್ನುವುದಕ್ಕೂ ಅಂತರವಿದೆ. ಅಲ್ಲದೆ ಸುಳ್ಳು ಹೊರಬಿದ್ದ ದಿನ ಅಜ್ಜಿ ಕಳೆದುಕೊಳ್ಳುವುದು ಒಂದು ಗುಳಿಗೆಯ ಮೇಲಿನ ನಂಬಿಕೆಯನ್ನಲ್ಲ, ಮಗನ ಮಾತಿನ ಮೇಲಿನ ನಂಬಿಕೆಯನ್ನು. ಮುಂದೆ ನಿಜವಾದ ಮದ್ದು ಬೇಕಾದಾಗ ಅವಳು ಬಾಯಿ ತೆರೆಯದಿದ್ದರೆ ಹೊಣೆ ಯಾರದು?

‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯವನ್ನು ವರ್ತಕರು ವಿಶೇಷವಾಗಿ ಓದಬೇಕು. ಸತ್ಯವ್ರತದ ಅತಿಚಾರಗಳಲ್ಲಿ ಮೊದಲನೆಯದು ಮಿಥ್ಯೋಪದೇಶ. ಅಚೌರ್ಯವ್ರತದ ಅತಿಚಾರಗಳಲ್ಲಿ ಕೊನೆಯದು ಪ್ರತಿರೂಪಕ ವ್ಯವಹಾರ. ಒಂದರಂತೆ ಕಾಣುವ ಇನ್ನೊಂದನ್ನು ಕೊಟ್ಟು ವ್ಯವಹಾರ ನಡೆಸುವುದು. ತುಪ್ಪದಲ್ಲಿ ಕೊಬ್ಬು ಬೆರೆಸುವವನನ್ನೂ ಮೆಣಸಿನಲ್ಲಿ ಪಪ್ಪಾಯಿ ಬೀಜ ಬೆರೆಸುವವನನ್ನೂ ನಾವು ಕಳ್ಳನೆನ್ನುತ್ತೇವೆ. ಸಕ್ಕರೆಯ ಗುಳಿಗೆಗೆ ಔಷಧದ ಬೆಲೆ ಪಡೆದವನನ್ನೂ, ಬೇಡದ ಗ್ಲೂಕೋಸ್ ಬಾಟಲಿಯನ್ನು ‘ಶಕ್ತಿ ಬರುತ್ತದೆ’ ಎಂದು ಹಾಕಿಸಿದವನನ್ನೂ ಅದೇ ಸಾಲಿನಲ್ಲಿ ನಿಲ್ಲಿಸಬೇಕಾಗುತ್ತದೆ. ಕೊಂಡವನಿಗೆ ಸುಖವಾಯಿತೆಂಬುದು ತೂಕದ ದೋಷವನ್ನು ಅಳಿಸದು. ಕಲಬೆರಕೆಯ ತುಪ್ಪವನ್ನು ರುಚಿಯೆಂದು ಉಂಡವರೂ ಇದ್ದಾರಲ್ಲವೇ? ನಮ್ಮ ದೇಶದ ನಿಯಮಗಳೂ ಈ ದಿಕ್ಕಿನಲ್ಲಿಯೇ ನಡೆದಿವೆ. 1954ರ ಕಾಯಿದೆ ಪವಾಡದ ಮದ್ದುಗಳ ಜಾಹೀರಾತನ್ನು ನಿಷೇಧಿಸಿತು. ವೈದ್ಯರ ನಡತೆಯ ಬಗೆಗಿನ 2002ರ ನಿಯಮಾವಳಿ, ಒಳಗೇನಿದೆಯೆಂದು ತಿಳಿಯದ ಗುಟ್ಟಿನ ಮದ್ದನ್ನು ಕೊಡುವುದು ಧರ್ಮವಲ್ಲವೆಂದಿತು.

ಔಷಧಪರೀಕ್ಷೆಗಳಲ್ಲಿ ಹುಸಿಮದ್ದನ್ನು ಬಳಸುವುದನ್ನು ಇದರೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಅಲ್ಲಿ ‘ನಿಮಗೆ ನಿಜವಾದುದು ಬರಬಹುದು, ಹುಸಿಯೂ ಬರಬಹುದು’ ಎಂದು ಮೊದಲೇ ತಿಳಿಸಿ ಒಪ್ಪಿಗೆ ಪಡೆಯುತ್ತಾರೆ. ಯಾರಿಗೆ ಯಾವುದು ಸಿಕ್ಕಿತೆಂಬುದು ಕೊಡುವ ವೈದ್ಯನಿಗೂ ತಿಳಿಯದಂತೆ ಏರ್ಪಾಡಿರುತ್ತದೆ. ಹೇಳಿ ಮುಚ್ಚಿಟ್ಟದ್ದು ವಂಚನೆಯಲ್ಲ.

ಈ ಚರ್ಚೆಗೆ ಈಚಿನ ಎರಡು ಪ್ರಯೋಗಗಳು ಹೊಸ ಬೆಳಕು ಕೊಟ್ಟಿವೆ. 2008ರಲ್ಲಿ ಅಮೆರಿಕದ ಟೆಡ್ ಕ್ಯಾಪ್ಚಕ್ ಮತ್ತು ಸಂಗಡಿಗರು ಕರುಳಿನ ಬಾಧೆಯ 262 ರೋಗಿಗಳನ್ನು ಮೂರು ಗುಂಪು ಮಾಡಿದರು. ಕಾಯುವ ಪಟ್ಟಿಯಲ್ಲಿ ಉಳಿದವರಲ್ಲಿ ಶೇಕಡಾ 28, ಹೆಚ್ಚು ಮಾತಿಲ್ಲದೆ ಹುಸಿಚಿಕಿತ್ಸೆ ಪಡೆದವರಲ್ಲಿ ಶೇಕಡಾ 44, ಅದೇ ಹುಸಿಚಿಕಿತ್ಸೆಯ ಜೊತೆಗೆ ವೈದ್ಯರು ಕುಳಿತು ಆದರದಿಂದ ವಿಚಾರಿಸಿದವರಲ್ಲಿ ಶೇಕಡಾ 62ರಷ್ಟು ಜನ ಸಮಾಧಾನ ಕಂಡರು. 2010ರಲ್ಲಿ ಅದೇ ಬಾಧೆಯ 80 ಜನರನ್ನು ಎರಡು ಭಾಗ ಮಾಡಿ, ಒಂದು ಭಾಗಕ್ಕೆ ‘ಇದು ಸತ್ವವಿಲ್ಲದ ಗುಳಿಗೆ’ ಎಂದು ಬಿಚ್ಚಿ ಹೇಳಿಯೇ ಹುಸಿಮದ್ದು ಕೊಟ್ಟರು. ಮೂರು ವಾರಗಳಲ್ಲಿ ಅವರಲ್ಲಿ ಶೇಕಡಾ 59 ಜನ, ಗುಳಿಗೆಯಿಲ್ಲದವರಲ್ಲಿ ಶೇಕಡಾ 35 ಜನ ಹಾಯೆನಿಸಿತೆಂದರು. ಪ್ರಯೋಗ ಚಿಕ್ಕದು, ಕಾಲ ಅಲ್ಪ, ಬಾಧೆಯೂ ಮನಸ್ಸಿಗೆ ಹತ್ತಿರವಾದುದು. ಇದರಿಂದ ಕ್ಷಯಕ್ಕೋ ಸಕ್ಕರೆ ಕಾಯಿಲೆಗೋ ದಾರಿಯಿಲ್ಲ. ಆದರೂ ನೀತಿಯ ದೃಷ್ಟಿಯಿಂದ ಇದರ ತೂಕ ದೊಡ್ಡದು. ಸುಳ್ಳಿಲ್ಲದಿದ್ದರೆ ಹುಸಿಮದ್ದು ಕೆಲಸ ಮಾಡದೆಂಬುದೇ ಸುಳ್ಳಾಡುವವರ ಕೊನೆಯ ಸಮರ್ಥನೆಯಾಗಿತ್ತು. ಆ ಊರುಗೋಲು ಈಗ ಅಲುಗಾಡಿದೆ. ಕೆಲಸ ಮಾಡುತ್ತಿದ್ದುದರಲ್ಲಿ ಬಹುಭಾಗ ಆದರ, ಸಮಯ, ಕ್ರಮ ತಪ್ಪದ ಉಪಚಾರ. ಇವುಗಳನ್ನು ಕೊಡಲು ಸುಳ್ಳಿನ ಅಗತ್ಯವಿಲ್ಲ.

ಮಾತಿಗೆ ಗುಣಪಡಿಸುವ ಬಲವಿದ್ದರೆ ಕೆಡಿಸುವ ಬಲವೂ ಇರಲೇಬೇಕು. 2020ರಲ್ಲಿ ಇಂಗ್ಲೆಂಡಿನಲ್ಲಿ, ಕೊಬ್ಬಿಳಿಸುವ ಸ್ಟ್ಯಾಟಿನ್ ಗುಳಿಗೆ ಒಗ್ಗದೆ ಬಿಟ್ಟಿದ್ದ 60 ಜನರಿಗೆ ಕೆಲವು ತಿಂಗಳು ಅದನ್ನೂ ಕೆಲವು ತಿಂಗಳು ಹುಸಿಗುಳಿಗೆಯನ್ನೂ ಗುರುತು ಸಿಗದಂತೆ ಕೊಟ್ಟಾಗ, ಬಾಧೆಯ ಶೇಕಡಾ 90ರಷ್ಟು ಹುಸಿಗುಳಿಗೆಯಿಂದಲೂ ಬಂದಿತು. ಭಯವೇ ನೋವಾಗಿ ಮೂಡಿತ್ತು. ರೋಗಿಯ ಹಾಸಿಗೆಯ ಬಳಿ ಕುಳಿತು ‘ಇದೇ ಕಾಯಿಲೆಯಿಂದ ಅವರು ಹೋದರು, ಇವರು ಹೋದರು’ ಎಂದು ಲೆಕ್ಕ ಒಪ್ಪಿಸುವ ಬಂಧುಗಳು ಇದನ್ನು ನೆನೆಯಬೇಕು. ಸಮಂತಭದ್ರರು ವಿಪತ್ತು ತರುವ ಸತ್ಯವೆಂದದ್ದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಸಿಗಲಾರದು.

ಮತ್ತೆ ಕಾವ್ಯಕ್ಕೆ ಬರೋಣ. ಒಂದು ಹಿಟ್ಟಿನ ಕೋಳಿಗೆ ಇಷ್ಟೊಂದು ಜನ್ಮಗಳ ಯಾತನೆಯೇ ಎಂದು ಓದುಗರು ಕೇಳುವುದುಂಟು. ನಿರಾಕರಿಸಿದ ಮಗನಿಗೂ ಒತ್ತಾಯಿಸಿದ ತಾಯಿಗೂ ಒಂದೇ ಸಮನಾದ ಫಲ ಸಿಗುವುದು ಕಠೋರವಾಗಿ ತೋರುತ್ತದೆ. ಈ ಆಕ್ಷೇಪದಲ್ಲಿ ಹುರುಳಿದೆ. ಚಂದ್ರಮತಿಯ ಭಯ ನಿಜವಾದ ತಾಯಿಯ ಭಯ. ಕವಿ ಅದಕ್ಕೆ ಇನ್ನಷ್ಟು ದನಿ ಕೊಟ್ಟಿದ್ದರೆ ಕಾವ್ಯ ಬಡವಾಗುತ್ತಿರಲಿಲ್ಲ. ಗಿರೀಶ ಕಾರ್ನಾಡರು 1980ರಲ್ಲಿ ಪ್ರಕಟಿಸಿದ ‘ಹಿಟ್ಟಿನ ಹುಂಜ’ ನಾಟಕದಲ್ಲಿ ಜನ್ಮಾಂತರಗಳನ್ನು ಬದಿಗಿಟ್ಟು, ಒಂದೇ ಮನೆಯೊಳಗಿನ ಮಾತುಕತೆಯಲ್ಲಿ ಸಂಕಲ್ಪದ ಪ್ರಶ್ನೆಯನ್ನು ಎತ್ತಿದ್ದು ಈ ಕೊರತೆಯನ್ನು ಕಂಡೇ ಇರಬೇಕು. ಆದರೆ ಜನ್ಮಾಂತರಗಳನ್ನು ಬಿಟ್ಟಾಗ ಇನ್ನೊಂದು ಸಂಗತಿಯೂ ಬಿಟ್ಟುಹೋಗುತ್ತದೆ. ಅದು ಕಾವ್ಯದ ಹೊರಚೌಕಟ್ಟು.

ಒಳಗಿನ ಕಥೆಯಲ್ಲಿ ಹುಸಿಚಿಕಿತ್ಸೆ ಸೋಲುತ್ತದೆ. ಹೊರಗಿನ ಕಥೆಯಲ್ಲಿ ನಿಜವಾದ ಚಿಕಿತ್ಸೆಯೊಂದು ನಡೆಯುತ್ತಿರುತ್ತದೆ, ರೋಗಿ ಮಾರಿದತ್ತ. ಅವನೆದುರು ನಿಂತ ಮಕ್ಕಳ ತಲೆಯ ಮೇಲೆ ಕತ್ತಿಯಿದೆ. ಒಂದು ಸುಳ್ಳಿನಿಂದ, ಒಂದು ಶಾಪದ ಬೆದರಿಕೆಯಿಂದ, ಒಂದು ವರದ ಆಸೆಯಿಂದ ಅವರು ಬದುಕಿಕೊಳ್ಳಬಹುದಿತ್ತು. ಅವರು ಅದಾವುದನ್ನೂ ಮಾಡದೆ, ತಮ್ಮ ತಪ್ಪನ್ನೇ ಮೊದಲಿನಿಂದ ಕೊನೆಯವರೆಗೆ ಬಿಚ್ಚಿ ಹೇಳುತ್ತಾರೆ. ಯಶೋಧರನಾಗಿ ತಾಯಿಗೆ ಹೇಳದೆ ಮುಚ್ಚಿಟ್ಟ ಸತ್ಯವನ್ನು ಅಭಯರುಚಿಯಾಗಿ ಕೊಲ್ಲಹೊರಟವನಿಗೆ ಹೇಳುತ್ತಾನೆ. ಕೇಳಿದ ಮಾರಿದತ್ತ ಹಿಂಸೆಯನ್ನು ತೊರೆದು ವಿರಕ್ತನಾಗುತ್ತಾನೆ. ಹುಸಿಮದ್ದಿನ ಕಥೆಯನ್ನೇ ಸತ್ಯದ ಮದ್ದಾಗಿ ಕುಡಿಸಿದ ಈ ರಚನೆಯಲ್ಲಿ ಜನ್ನನ ದೊಡ್ಡತನವಿದೆ. ಜನ್ಮಗಳ ಉದ್ದನೆಯ ಯಾತನೆಗೆ ದಂಡನೆಯೆಂಬ ಅರ್ಥಕ್ಕಿಂತ, ಮುಚ್ಚಿಟ್ಟ ಒಂದು ಮಾತು ಹೊರಬರಲು ಹಿಡಿದ ಕಾಲವೆಂಬ ಅರ್ಥವೇ ಹೆಚ್ಚು ಒಪ್ಪುತ್ತದೆ.

ಕೊನೆಗೆ ನಮ್ಮ ಬಸದಿಗಳ ಮಾತು. ತುಮಕೂರಿನ ಬಳಿಯ ಮಂದರಗಿರಿಗೋ ಗುಬ್ಬಿ ತಾಲ್ಲೂಕಿನ ನಿಟ್ಟೂರಿನ ಬಸದಿಗೋ ಹೋದ ಶ್ರಾವಕರು ಗಂಧೋದಕವನ್ನು ಹಣೆಗೂ ಕಣ್ಣಿಗೂ ಹಚ್ಚಿಕೊಳ್ಳುತ್ತಾರೆ. ಮೈನಾಸುಂದರಿಯು ಸಿದ್ಧಚಕ್ರದ ಆರಾಧನೆಯ ಗಂಧೋದಕದಿಂದ ಶ್ರೀಪಾಲನ ಕುಷ್ಠವನ್ನು ಕಳೆದ ಕಥೆ ಮನೆಮನೆಯಲ್ಲಿದೆ. ಇದೂ ಹುಸಿಮದ್ದೇ ಎಂದು ಹೊರಗಿನವರು ಕೇಳಿದರೆ ಕೋಪಿಸಿಕೊಳ್ಳುವ ಅಗತ್ಯವಿಲ್ಲ. ಜಿನನು ವೀತರಾಗ, ವರ ಕೊಡುವವನಲ್ಲ, ಶಾಪ ಕೊಡುವವನಲ್ಲ. ಫಲ ಬರುವುದು ಆರಾಧಕನ ಪರಿಣಾಮಶುದ್ಧಿಯಿಂದ ಎಂದು ನಮ್ಮ ಶಾಸ್ತ್ರ ಮೊದಲೇ ಬಿಚ್ಚಿ ಹೇಳಿದೆ. ಬಿಚ್ಚಿ ಹೇಳಿದ ಮೇಲೂ ಭಕ್ತಿ ಕಡಿಮೆಯಾಗಿಲ್ಲ, ಶಾಂತಿ ದೊರೆಯದಿಲ್ಲ. ಗಂಧೋದಕ ಭಕ್ತಿಯಾಗಿರುವವರೆಗೆ ಅದರಲ್ಲಿ ಸುಳ್ಳಿಲ್ಲ. ಅದನ್ನು ಸೀಸೆಯಲ್ಲಿ ತುಂಬಿ ಇಂಥ ರೋಗಕ್ಕೆಂದು ಚೀಟಿ ಅಂಟಿಸಿ ಬೆಲೆ ಕಟ್ಟಿದ ದಿನ ಅದು ಪ್ರತಿರೂಪಕ ವ್ಯವಹಾರವಾಗುತ್ತದೆ. ಅದನ್ನು ನಂಬಿ ಒಬ್ಬರು ಕುಷ್ಠದ ಮಾತ್ರೆ ಬಿಟ್ಟರೆ ಹಿಂಸೆಯೂ ಆಗುತ್ತದೆ. ಇಂದು ಕುಷ್ಠಕ್ಕೆ ಗುಣಪಡಿಸುವ ಮದ್ದಿದೆ, ಅದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿಯೂ ಸಿಗುತ್ತದೆ.

ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ನಾಲ್ಕು ದಾನಗಳಲ್ಲಿ ಔಷಧದಾನವನ್ನು ಅನೇಕ ಟ್ರಸ್ಟುಗಳು ಶ್ರದ್ಧೆಯಿಂದ ನಡೆಸುತ್ತಿವೆ. ಉಚಿತ ಶಿಬಿರಗಳಲ್ಲಿ ಬಂದವರನ್ನು ಬರಿಗೈಯಲ್ಲಿ ಕಳುಹಿಸಬಾರದೆಂದು ಎಲ್ಲರ ಕೈಗೂ ಒಂದು ಹಿಡಿ ಬಣ್ಣದ ಗುಳಿಗೆ ಹಾಕುವ ಅಭ್ಯಾಸ ಎಲ್ಲಿಯಾದರೂ ಇದ್ದರೆ ಅದನ್ನು ನಿಲ್ಲಿಸುವುದು ಲೇಸು. ಕೊಟ್ಟ ಮದ್ದಿನ ಹೆಸರನ್ನೂ ಉದ್ದೇಶವನ್ನೂ ರೋಗಿಗೆ ತಿಳಿಯುವ ಕನ್ನಡದಲ್ಲಿ ಚೀಟಿಯ ಮೇಲೆ ಬರೆಯಬೇಕು. ಮದ್ದು ಬೇಡವಾದವರಿಗೆ ಬೇಡವೆಂದು ಹೇಳಿ, ಆ ಗುಳಿಗೆಯ ಬೆಲೆಯಲ್ಲಿ ಇನ್ನೊಬ್ಬ ವೈದ್ಯರನ್ನು ಕರೆಸಿ, ಪ್ರತಿಯೊಬ್ಬರ ಮಾತನ್ನೂ ಸಾವಧಾನವಾಗಿ ಕೇಳುವಂತೆ ಏರ್ಪಾಡು ಮಾಡಬೇಕು. ಔಷಧದಾನದ ಜೊತೆಯಲ್ಲಿ ಅಭಯದಾನವೂ ಆಗುವುದು ಹೀಗೆ. ಇನ್ನು ಆಯುಧಪೂಜೆಯ ದಿನ ಶ್ರಾವಕನೊಬ್ಬನು ಕುಂಬಳಕಾಯಿಯನ್ನು ಕೈಯಲ್ಲಿ ಹಿಡಿದಾಗ, ಅದರೊಳಗೆ ಕುಂಕುಮವನ್ನು ಏಕೆ ತುಂಬುತ್ತಿದ್ದೇನೆಂದು ತನ್ನನ್ನೇ ಒಮ್ಮೆ ಕೇಳಿಕೊಂಡರೆ ಸಾಕು. ಆ ಕಾಯಿ ಅಂದಿನ ಅಡಿಗೆಮನೆಯಲ್ಲಿ ಹುಳಿಯಾಗಿ, ನಾಲ್ಕು ಜನ ಹಸಿದವರ ಎಲೆಗೆ ಬಿದ್ದರೆ ಅಂಗಡಿಗೆ ಯಾವ ದೃಷ್ಟಿಯೂ ತಾಗಲಾರದು.